ಸಂಪಿಗೆಗೆ ಕಟ್ಟಿದ ಬದು

ಯುಗಾದಿಯ ಮರುದಿನ, ಬೆಳಗ್ಗೆ ಆರೂಕಾಲು. ಎದುರು ಮನೆಯ ಅಂಗಳದಲ್ಲಿ ಒಣಗಿ ನಿಂತಿದ್ದ ಸಂಪಿಗೆ ಗಿಡವನ್ನು ಹೊಸ ಬಾಡಿಗೆದಾರರು ಕಡಿಯುತ್ತಿದ್ದಾರೆ. ನನ್ನ ದಿನಚರಿಯಲ್ಲಿ ಆ ಗಿಡದ ಬಗ್ಗೆ ಅಲ್ಲೊಂದು ಇಲ್ಲೊಂದು ಇರುವುದನ್ನು ಜೋಡಿಸಿ ಬರೆಯಲು ಕೂತಿದ್ದೇನೆ.

ಅದನ್ನು ನೆಟ್ಟ, ಮೊದಲು ಆ ಮನೆಯಲ್ಲಿದ್ದ ಹನುಮಂತಪ್ಪ ಸಿಂಧನೂರಿನ ಡಾಂಬರು ರಸ್ತೆಯಲ್ಲೂ ಗದ್ದೆಯ ಬದುವಿನ ಮೇಲೆ ಹೋಗುವವರಂತೆ ಒಂದು ಪಾದದ ಮುಂದೆ ಇನ್ನೊಂದಿಟ್ಟು ನಡೆಯುತ್ತಿದ್ದರು. ಕಾಲುವೆಯ ಗ್ಯಾಂಗ್‌ಮನ್ ಆಗಿ ನಿವೃತ್ತರಾದವರು. ಜವಳಗೇರಾ ಕಡೆಯ ಗದ್ದೆಗಳಿಗೆ ತೂಬು ತೆರೆದು ನೀರು ಬಿಡುವುದು, ಪಾಳಿ ಮುಗಿದೊಡನೆ ಮುಚ್ಚುವುದು ಅವರ ಕೆಲಸವಾಗಿತ್ತು. ತೆರೆದಿದ್ದನ್ನು ಯಾರೂ ನೆನಪಿಡಲಿಲ್ಲ; ಮುಚ್ಚಿದ್ದಕ್ಕೆ ಎಲ್ಲರೂ ಬೈದರು. ಒಬ್ಬ ರೈತ ಹಿಡಿ ಮಣ್ಣು ತೂರಿ ಶಾಪ ಹಾಕಿದ್ದನ್ನು ನಗುತ್ತಲೇ ಹೇಳುತ್ತಿದ್ದರು. ಆದರೆ ಹೇಳದೆ ಬಿಡುತ್ತಿರಲಿಲ್ಲ.

ಅವರ ಹೆಂಡತಿ ಗೌರಮ್ಮನದು ಮಸ್ಕಿ. ತವರಿನ ಅಂಗಳದಲ್ಲಿ ಬೇಸಿಗೆಯ ಮೊದಲಿಗೆ ಅರಳುತ್ತಿದ್ದ ಸಂಪಿಗೆ ಎಂದೋ ಹೋಗಿತ್ತು. ಎರಡೂ ಕಿಡ್ನಿ ಕೆಟ್ಟು ಹಾಸಿಗೆ ಹಿಡಿದ ಮೇಲೆ ಆಕೆ ಕೇಳಿದ್ದು ಅದನ್ನೇ: "ಆ ವಾಸ್ನಿ ಒಮ್ಮಿ ಬರ್ಲಿ, ಆಮ್ಯಾಲ ಯಮ ಬಂದ್ರೂ ಬರವಲ್ನ್ಯಾಕ."

ಹನುಮಂತಪ್ಪ ಲಿಂಗಸುಗೂರಿನ ನರ್ಸರಿಯಿಂದ ಕಸಿ ಗಿಡವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ನೆಟ್ಟು, ಸುತ್ತ ಭತ್ತದ ಗದ್ದೆಗೆ ಕಟ್ಟುವಂತೆ ಬದು ಕಟ್ಟಿ ನೀರು ನಿಲ್ಲಿಸಿದರು.

"ಕಾಕಾ, ಎರಿ ಮಣ್ಣೈತಿ, ಇಂಗಂಗಿಲ್ಲ, ನೀರು ಜಗ್ಗಿ ಆತು," ಎಂದೆ.

"ಸುಮ್ಮಿರಲೇ. ಜಲ್ಮ ಪೂರ್ತಿ ನೀರು ಬಂದ್ ಮಾಡಿ ಬೈಸ್ಕೊಂಡೀನಿ. ಈ ಒಂದು ಗಿಡಕ್ಕರ ಬಂದ್ ಮಾಡಂಗಿಲ್ಲ."

ಒಳಗೆ ಮಾತ್ರ ಬಂದ್ ಮಾಡಲೇಬೇಕಿತ್ತು. ಗೌರಮ್ಮನಿಗೆ ಡಾಕ್ಟರು ಕುಡಿಯುವ ನೀರನ್ನು ಕಡಿಮೆ ಮಾಡಿಸಿದ್ದರು. ಸಣ್ಣ ಲೋಟದಲ್ಲಿ ಇವರೇ ಅಳೆದು ಕೊಡುತ್ತಿದ್ದರು. ಒಮ್ಮೆ ಆಕೆ ಖಾಲಿ ಲೋಟ ಚಾಚಿ, "ಏನ್ರೀ ಗ್ಯಾಂಗ್‌ಮನ್ ಸಾಹೇಬ್ರ, ನನ್ನ ತೂಬೂ ಬಂದ್ ಮಾಡಿದ್ರೇನು?" ಎಂದು ನಕ್ಕಳು. ಇವರಿಗೆ ನಗು ಬರಲಿಲ್ಲ. ಹೊರಗೆ ಬಂದು ಇನ್ನೊಂದು ಕೊಡ ನೀರು ಗಿಡಕ್ಕೆ ಸುರಿದರು.

ಮಾಘದಲ್ಲಿ ಒಂದು ಮೊಗ್ಗು ಕಂಡಿತು. ಜೊತೆಗೇ ಎಲೆ ಹಳದಿಯಾಗತೊಡಗಿತು. ಬಾಯಾರಿದೆ ಎಂದುಕೊಂಡು ಅವರು ಬದುವನ್ನು ಇನ್ನಷ್ಟು ಎತ್ತರಿಸಿದರು. ಮೊಗ್ಗು ಬುಡದಲ್ಲಿ ಕಪ್ಪಾದಾಗ ಎಲೆಗಳನ್ನು ಹಿಡಿದು ಲಿಂಗಸುಗೂರಿಗೆ ಹೊರಟರು. ನಾನೂ ಹೋದೆ.

ನರ್ಸರಿಯಾತ ಎಲೆ ನೋಡಿ, "ಬುಡದಾಗ ನೀರು ನಿಂದರ್ಸೀರೇನ್ರೀ? ಇದೇನು ಭತ್ತ ಏನ್ರೀ, ಯಜಮಾನ್ರ? ಬೇರು ಕೊಳತಾವ," ಎಂದ.

ಹನುಮಂತಪ್ಪ ಮನೆಗೆ ಬಂದವರೇ ಸಲಿಕೆಯಿಂದ ಬದು ಒಡೆದರು. ಕೊಳೆತ ವಾಸನೆಯ ನೀರು ಚರಂಡಿಗೆ ಹರಿಯಿತು. ಮೊಗ್ಗು ಕೆಸರಿನಲ್ಲಿ ಬಿದ್ದಿತ್ತು.

ಒಳಗಿನಿಂದ ಗೌರಮ್ಮ, "ಬಿರಿತೇನ್ರೀ?" ಎಂದು ಕೇಳಿದಳು.

"ನಾಳಿ ಬಿರಿತದ," ಎಂದರು.

ಆ ವಾರವೆಲ್ಲ ಹಾಗೇ ಹೇಳಿದರು. ವಾರ ಮುಗಿಯುವಷ್ಟರಲ್ಲಿ ಆಕೆ ತೀರಿಕೊಂಡಳು.

ದಿನಕರ್ಮ ಮುಗಿಸಿ ತಂಗಿಯ ಊರಿಗೆ ಹೊರಟ ಹನುಮಂತಪ್ಪನವರನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಿ ಬಂದೆ. ಬಸ್ಸು ಹತ್ತಿ ಕಿಟಕಿಯಿಂದ ಬಾಗಿ ಹೇಳಿದರು: "ಗಿಡ ಏನಾತು ಅಂತ ಯಾರರ ಕೇಳಿದ್ರ, ಬಿಸಲಿಗಿ ಒಣಗ್ತು ಅನ್ನಪಾ. ನೀರು ಅನಬ್ಯಾಡ."

ವರ್ಷವಿಡೀ ಓಣಿಯವರಿಗೆ ಹಾಗೇ ಹೇಳುತ್ತ ಬಂದೆ. ಹೋದ ತಿಂಗಳು ಅವರೂ ತೀರಿಕೊಂಡ ಸುದ್ದಿ ಬಂತು.

ನಮ್ಮ ಕಡೆಯ ಎರೆಮಣ್ಣಿನಲ್ಲಿ ಸಂಪಿಗೆಯನ್ನು ಉಳಿಸಿಕೊಂಡವರು ಯಾರಾದರೂ ಇದ್ದರೆ, ನೀರು ಯಾವಾಗ ನಿಲ್ಲಿಸಿದಿರಿ ಎಂಬುದನ್ನು ದಯವಿಟ್ಟು ನನಗೆ ಬರೆದು ತಿಳಿಸಿ.