ಮಾಳಿಗೆಯ ಮೇಲೆ ಹೂವಿನ ಬಟ್ಟೆ

ಕಳೆದ ವಾರ ನಮ್ಮ ಮನೆಯಲ್ಲಿ ಒಂದು ಕೂಸು ಹುಟ್ಟಿತು. ಹಾಗೆಂದು ನಮ್ಮ ಓಣಿ ಹೇಳಿತು. ನಮಗೆ ಗೊತ್ತಿರಲಿಲ್ಲ, ಅಷ್ಟೆ.

ನನಗೆ ಐವತ್ತರ ಹತ್ತಿರ. ಅತ್ತೆಯವರಿಗೆ ಎಂಬತ್ತರ ಹತ್ತಿರ. ಇನ್ನುಳಿದವಳು ಮಗಳು, ಡಿಗ್ರಿ ಓದುವವಳು, ಮದುವೆಯಾಗಿಲ್ಲ. ಕೂಸು ಯಾರದು ಅಂತ ನೀವೇ ಹೇಳಿ.

ಎಲ್ಲದಕ್ಕೂ ಮೂಲ ಪ್ಯಾಡ್. ತೆಲುಗು ಸೀಮೆಯ ನಮ್ಮ ಆದವಾನಿಯ ಬಿಸಿಲಿನಲ್ಲಿ ಪ್ಲಾಸ್ಟಿಕ್ ಪ್ಯಾಡ್ ಇಟ್ಟುಕೊಂಡು ಸಂಜೆಯವರೆಗೆ ಕಾಲೇಜಿನಲ್ಲಿ ಕೂತರೆ ಏನಾಗುತ್ತದೆ ಎಂದು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. (ಗಂಡಸರು ಮನೆಯಲ್ಲಿ ಕೇಳಿ. ಧೈರ್ಯವಿದ್ದರೆ.) ಮಗಳು ಒಗೆದು ಮತ್ತೆ ಬಳಸುವ, ಹೂವಿನ ಪ್ರಿಂಟಿನ ಬಟ್ಟೆ ಪ್ಯಾಡ್ ಆನ್‌ಲೈನ್‌ನಲ್ಲಿ ತರಿಸಿಕೊಂಡಳು. ತುರಿಕೆ ಹೋಗಲಿಲ್ಲ, ಹೆಚ್ಚಾಯಿತು.

ಡಾಕ್ಟರಮ್ಮ ಕೇಳಿದರು, “ಎಷ್ಟು ಹೊತ್ತಿಗೆ ಬದಲಿಸ್ತಿ?”

“ನಾಲ್ಕೈದು ತಾಸಿಗೊಮ್ಮೆ.”

“ಚಲೋ. ತುಂಬದಿದ್ರೂ ಬದಲಿಸಬೇಕು. ಒಗೆದು ಎಲ್ಲಿ ಒಣಗಿಸ್ತಿ?”

ಮಗಳು ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ. ಬಚ್ಚಲಲ್ಲಿ, ಬಕೆಟ್ಟಿನ ಹಿಂದೆ, ಲಂಗದ ಅಡಿಯಲ್ಲಿ. ಇನ್ನೆಲ್ಲಿ?

“ಹಸಿ ಬಟ್ಟಿ ಇಟ್ಕೊಂಡ್ರ ತುರಿಕಿ ಬರಲಾರದ ಏನ್ ಬರ್ತೈತಿ? ಬಿಸಿಲಿಗೆ ಹಾಕ್ರಿ. ಆದವಾನ್ಯಾಗ ಬಿಸಿಲಿಗೇನು ಬರ ಐತಾ?”

ನಮ್ಮದು ಮಡಿಯ ಮನೆ. ಅತ್ತೆಯವರ ಮಡಿ ಸೀರೆ ಯಾರ ಕೈಗೂ ಸಿಗದ ಎತ್ತರದ ಹಗ್ಗದಲ್ಲಿ, ಕೋಲಿನಿಂದ ಹಾಕಿಸಿಕೊಂಡು, ಬಿಸಿಲಲ್ಲಿ ಗರಿಗರಿ ಒಣಗುತ್ತದೆ. ಶುದ್ಧಿಯ ವಿಷಯದಲ್ಲಿ ಅವರ ಎದುರು ಮಾತಾಡಿ ಗೆದ್ದವರಿಲ್ಲ. ಆದರೆ ಮೊಮ್ಮಗಳ ಮೈಗೆ ತಾಗುವ ಬಟ್ಟೆ ಕತ್ತಲಲ್ಲಿ ಮುಗ್ಗಬೇಕು. ಇದು ಯಾವ ಸೀಮೆಯ ಮಡಿ? ನನಗೆ ಸಿಟ್ಟೇ ಬಂತು.

ಅವರು ಪೂಜೆಗೆ ಕೂತಾಗ ಮಾಳಿಗೆ ಹತ್ತಿ ಆ ಹೂವಿನ ಬಟ್ಟೆಗಳನ್ನೆಲ್ಲ ಸಾಲಾಗಿ ಹಾಕಿಬಿಟ್ಟೆ.

ಮರುದಿನ ಸಂಜೆ ನಾವು ಮೂವರೂ ಮಾಳಿಗೆಯಲ್ಲಿದ್ದೆವು. (ಅತ್ತೆಯವರು ನನ್ನನ್ನು ಬೈಯಲೆಂದೇ ಮಡಿ ಕೋಲು ಊರಿಕೊಂಡು ಮೆಟ್ಟಿಲು ಹತ್ತಿದ್ದರು.) ಪಕ್ಕದ ಮಾಳಿಗೆಯಿಂದ ಈರಮ್ಮ ಗೋಡೆಗೆ ಆತುಕೊಂಡಳು.

“ಅಮ್ಮಾರೆ, ಕೂಸಿನ ಜೊಲ್ಲುಬಟ್ಟಿ ಭಾಳ ಚೆಂದ ಅದಾವ. ಪಾಪನೋ, ಬಾಬುನೋ? ಹೆಣ್ಣೋ, ಗಂಡೋ? ಓಣಿ ಮಂದೆಲ್ಲ ಕೇಳಾಕತ್ತಾರ. ಮಾಕು ಒಂದು ಮಾತು ಚೆಪ್ಪಲೇದು ನೋಡ್ರಿ, ನಮಗ ಹೇಳಲೇ ಇಲ್ಲ.”

ಹೇಳುತ್ತಲೇ ಅವಳ ಕಣ್ಣು ನನ್ನ ಮಗಳ ಹೊಟ್ಟೆಯ ಮೇಲೆ ಒಂದು ಸುತ್ತು ಹೋಗಿ ಬಂತು.

ಮಗಳು ಕೆಂಪಾದಳು. ಬಟ್ಟೆಗಳನ್ನು ಸರಸರ ಎಳೆದುಕೊಳ್ಳತೊಡಗಿದಳು. ಈಗ ಕೆಳಗಿಳಿದರೆ ಇನ್ನೆಂದೂ ಅವು ಮೇಲೆ ಬರುವುದಿಲ್ಲ, ಮತ್ತೆ ಬಕೆಟ್ಟಿನ ಹಿಂದೆಯೇ ಎಂದು ನನಗೆ ಗೊತ್ತಿತ್ತು.

ಅತ್ತೆಯವರ ಪಾಡು ಇನ್ನೂ ಕಷ್ಟ. ಸುಮ್ಮನಿದ್ದರೆ ಮೊಮ್ಮಗಳ ಹೆಸರು ಹೋಗುತ್ತದೆ. ನಿಜ ಹೇಳಿದರೆ ಮಡಿಯ ಮರ್ಯಾದೆ. ನಾನು ಕೈಕಟ್ಟಿ ನೋಡುತ್ತ ನಿಂತೆ. (ಸೊಸೆಯರಿಗೆ ಇಂಥ ಅವಕಾಶ ದಿನಾ ಸಿಗುತ್ತದೆಯೇ?)

“ಅವನ್ನ ಅಲ್ಲೇ ಬಿಡು,” ಎಂದರು ಮೊಮ್ಮಗಳಿಗೆ. ಆಮೇಲೆ ಗೋಡೆಯ ಕಡೆ ತಿರುಗಿದರು. “ಕೂಸೂ ಇಲ್ಲ ಗೀಸೂ ಇಲ್ಲ ಈರಮ್ಮ. ನಮ್ಮ ಹುಡುಗಿ ಮುಟ್ಟಿನ ಬಟ್ಟಿ ಅವು. ಬಿಸಿಲಾಗ ಒಣಗಬೇಕಂತ, ಡಾಕ್ಟರ್ ಹೇಳ್ಯಾರ.”

ಈರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. “ಅಯ್ಯ, ನಾಲ್ಕು ಮಂದಿ ನೋಡಂಗಿಲ್ಲೇನ್ರಿ ಅಮ್ಮಾರೆ?”

ಅತ್ತೆಯವರು ಕೈಯಲ್ಲಿದ್ದ ಮಡಿ ಕೋಲನ್ನು ಅವಳ ಹಗ್ಗದ ಕಡೆ ಚಾಚಿದರು.

“ನಿನ್ನ ಗಂಡನ ಪಟ್ಟಾಪಟ್ಟಿ ಚಡ್ಡಿ ನಾ ದಿನಾ ನೋಡ್ತೀನಿ. ಒಂದು ದಿನರೆ ಏನಾರ ಅಂದೀನೇನು?”