ಗುಂಡಿನ ಮೂತಿಗೊಂದು ಮುಚ್ಚಳ

ನನ್ನ ಹೆಂಡತಿಯ ಕೈಕೆಲಸವನ್ನು ನಾನು ಒಮ್ಮೆ ಬೇಕೆಂದೇ ಕೆಡಿಸಿದ್ದೇನೆ. ಅದನ್ನು ಒಂದು ಹೈಸ್ಕೂಲಿನ ಮಕ್ಕಳೆದುರು ನಿಂತು ಒಪ್ಪಿಕೊಂಡೂ ಇದ್ದೇನೆ. ಆದರೆ ಅಲ್ಲಿ ಆಡಿದ್ದು ನಾಲ್ಕೇ ಮಾತು. ಪೂರ್ತಿ ಹೇಳುವ ಧೈರ್ಯ ಆವತ್ತು ಇರಲಿಲ್ಲ.

ಕಡೂರಿನಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನಮ್ಮ ತಗಡಿನ ಅಂಗಡಿ ಇದೆ. ಹಾಲಿನ ಕ್ಯಾನು, ಔಷಧಿ ಹೊಡೆಯುವ ಟ್ಯಾಂಕು, ಸ್ನಾನದ ಹಂಡೆ, ಸೋರುವ ಯಾವುದನ್ನೇ ತಂದರೂ ಬೆಸುಗೆ ಹಾಕಿ ಕೊಡುತ್ತೇವೆ. ನನಗೆ ಕೆಲಸ ಕಲಿಸಿದ್ದು ನಮ್ಮಪ್ಪ. ನನ್ನ ಹೆಂಡತಿಗೆ ಕಲಿಸಿದ್ದು ನಾನು. ಅವಳು ಎಮ್ಮೆದೊಡ್ಡಿ ಕಡೆಯ ಒಕ್ಕಲು ಮನೆಯವಳು, ಮದುವೆಯಾಗಿ ಬಂದಾಗ ತಗಡು ಕತ್ತರಿಸುವ ಕತ್ತರಿಯನ್ನು ಹಿಡಿಯುವುದೂ ಗೊತ್ತಿರಲಿಲ್ಲ. ಎಂಟು ವರ್ಷದ ಹಿಂದೆ ನಾನು ಬೈಕಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಕೈಗೆ ಪಟ್ಟಿ ಹಾಕಿಸಿಕೊಂಡು ಸ್ಟೂಲಿನ ಮೇಲೆ ಕೂತು ನಾನು ಹೇಳುವುದು, ಅವಳು ಮಾಡುವುದು. ಪಟ್ಟಿ ಬಿಚ್ಚುವಷ್ಟರಲ್ಲಿ ಅವಳಿಗೆ ಕೈ ಕೂತಿತ್ತು. ವರ್ಷ ಕಳೆಯುವಷ್ಟರಲ್ಲಿ ನನಗಿಂತ ಚೆನ್ನಾಗಿ ಕೂತಿತ್ತು.

ಇದು ನನಗಿಂತ ಮೊದಲು ಗಿರಾಕಿಗಳಿಗೆ ಗೊತ್ತಾಯಿತು. ತರೀಕೆರೆಯಿಂದ ತಾಮ್ರದ ಟ್ಯಾಂಕು ಹೊತ್ತು ತಂದಿದ್ದ ಒಬ್ಬರು ನನ್ನ ಮುಖ ನೋಡಿ, ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, “ಅಕ್ಕೋರಿಲ್ವಾ? ಇರ್ಲಿ ಬುಡಿ, ಇನ್ನೊಂದ್ ದಿವ್ಸ ಬತ್ತೀನಿ” ಎಂದು ಅಷ್ಟು ಭಾರದ ಟ್ಯಾಂಕನ್ನು ಮತ್ತೆ ಹೊತ್ತುಕೊಂಡು ಬಸ್ಸು ಹತ್ತಿದರು. ಅಂಥ ಹೊತ್ತಿನಲ್ಲಿ ನಾನು ನಗುತ್ತಿದ್ದೆ. “ನಮ್ಮನೇವ್ರು ಈಗ ದೊಡ್ಡ ಮೇಸ್ತ್ರಿ ಕಣ್ರೀ” ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಅವಳು ಬೆಸೆದ ಕ್ಯಾನುಗಳನ್ನು ಅವಳಿಲ್ಲದಾಗ ಬೆಳಕಿಗೆ ಹಿಡಿದು, ಎಲ್ಲಾದರೂ ಒಂದು ತೂತು ಸಿಕ್ಕೀತೇ ಎಂದು ಹುಡುಕುತ್ತಿದ್ದೆ. ಸಿಕ್ಕುತ್ತಿರಲಿಲ್ಲ.

ಹೀಗಿರುವಾಗ ಶಿವನಿ ಹತ್ತಿರದ ಹಳ್ಳಿಯಿಂದ ಸುಬೇದಾರರು ಬಂದರು. ಸೈನ್ಯದ ಫಿರಂಗಿ ದಳದಲ್ಲಿದ್ದು ನಿವೃತ್ತರಾದವರು, ಎಪ್ಪತ್ತು ದಾಟಿದ ನೆಟ್ಟಗಿನ ಮನುಷ್ಯ. ಬಟ್ಟೆಚೀಲದಿಂದ ಒಂದು ಹಿತ್ತಾಳೆಯ ಸಾಮಾನು ತೆಗೆದು ನನ್ನ ಮುಂದಿಟ್ಟರು. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಬುಡ ಅಗಲ, ತುದಿ ಮೊಂಡ, ಮೈತುಂಬ ಗೆರೆ, ಅಂಕಿ.

“ಇದೇನ್ ಹೇಳಪ್ಪಾ?”

“ಕಳಸದ ತುದಿ ಇದ್ದಂಗಿದೆ.”

ಅವರು ನಕ್ಕರು. ಅದು ಹಳೆಯ ಕಾಲದ ಫಿರಂಗಿ ಗುಂಡಿನ ಮೂತಿ. ಗುಂಡು ಯಾವಾಗ ಸಿಡಿಯಬೇಕೆಂದು ತೀರ್ಮಾನಿಸುವ ಈ ಭಾಗಕ್ಕೆ ಸೈನ್ಯದಲ್ಲಿ ಫ್ಯೂಸ್ ಎನ್ನುತ್ತಾರೆ. ಒಳಗೆ ಬಳೆಯಂಥ ಕಾಲುವೆಯಲ್ಲಿ ಮದ್ದು ತುಂಬಿರುತ್ತಿತ್ತು. ಹೊರಗಿನ ಉಂಗುರವನ್ನು ಅಂಕಿ ನೋಡಿ ತಿರುಗಿಸಿದರೆ ಅಷ್ಟು ಸೆಕೆಂಡು ಮದ್ದು ಉರಿದು ಆಮೇಲೆ ಗುಂಡು ಸಿಡಿಯುತ್ತಿತ್ತು. ಈಗ ಒಳಗೆ ಏನೂ ಇಲ್ಲ, ಬರೀ ಹಿತ್ತಾಳೆ. ನಿವೃತ್ತಿಯ ದಿನ ಜೊತೆಯವರು ನೆನಪಿಗೆಂದು ಕೊಟ್ಟಿದ್ದು.

“ಮದ್ದಿಗೆ ತೇವ ತಗುಲಿದ್ರೆ ಮುಗೀತು. ಉರಿಯಲ್ಲ, ಇಲ್ಲಾ ಹೆಂಗೆಂಗೋ ಉರೀತದೆ. ಅದಕ್ಕೇ ಆಗಿನ್ ಕಾಲ್ದಲ್ಲಿ ಇದ್ರ ಮೇಲೆ ತೆಳ್ಳನೆ ಲೋಹದ ಮುಚ್ಚಳ ಹಾಕಿ, ಸುತ್ತ ಪಟ್ಟಿ ಇಟ್ಟು ಬೆಸೀತಿದ್ರು. ಹೊಡೆಯೋ ಮುಂಚೆ ಪಟ್ಟಿ ತುದಿ ಹಿಡ್ದು ಒಂದೇ ಎಳೆತ. ಮುಚ್ಚಳ ಬಿಸಾಕೋದು, ಗುಂಡು ತುಂಬೋದು.” ಕಾಗದದ ಮೇಲೆ ತಾವೇ ಬರೆದುಕೊಂಡಿದ್ದ ಚಿತ್ರ ಬಿಚ್ಚಿ ತೋರಿಸಿದರು. “ನಮ್ ರೆಜಿಮೆಂಟಿನ ಗಾಜಿನ ಪೆಟ್ಟಿಗೆಯಲ್ಲಿ ಒಂದು ನೋಡಿದ್ದೆ. ನಮ್ಮೂರ ಹೈಸ್ಕೂಲಲ್ಲಿ ವಸ್ತು ಪ್ರದರ್ಶನ ಅದೆ. ಎರಡು ಮಾಡ್ಕೊಡು. ಒಂದು ಇಡೋಕೆ, ಒಂದು ಮಕ್ಕಳ ಮುಂದೆ ಕಿತ್ತು ತೋರ್ಸೋಕೆ.”

ನನಗೆ ಹೊಸ ಹುರುಪು ಬಂತು. ಇದನ್ನು ನಾನೇ ಮಾಡುತ್ತೇನೆ, ಅವಳು ಕೈ ಹಾಕುವುದು ಬೇಡ ಎಂದುಕೊಂಡೆ. “ಒಂದ್ ವಾರ ಕೊಡಿ ಸುಬೇದಾರ್ರೇ” ಎಂದೆ. ಹೊರಡುವ ಮುಂಚೆ ಅವರು ಪರೀಕ್ಷೆಯನ್ನೂ ಹೇಳಿಹೋದರು. ಮುಚ್ಚಳದೊಳಗೆ ನಾಲ್ಕು ಮಂಡಕ್ಕಿ ಹಾಕಿ ತಗಡಿನ ತಳಕ್ಕೆ ಬೆಸೆಯಬೇಕು. ಬಕೆಟ್ ನೀರಿನಲ್ಲಿ ಅರ್ಧ ಹಗಲು ಮುಳುಗಿಸಿಡಬೇಕು. ಆಮೇಲೆ ಬೆರಳಲ್ಲೇ ಬಿಚ್ಚಬೇಕು. ಮಂಡಕ್ಕಿ ಗರಿಗರಿ ಇದ್ದರೆ ಪಾಸು.

ತೆಳು ಹಿತ್ತಾಳೆ ತಗಡನ್ನು ಕೊಡತಿಯಿಂದ ಬಡಿದು ಮುಚ್ಚಳದ ಆಕಾರ ತರುವುದು ಎರಡು ದಿನದ ಕೆಲಸ. ಅದು ಚೆನ್ನಾಗಿಯೇ ಬಂತು. ಕಷ್ಟವಿದ್ದದ್ದು ಪಟ್ಟಿಯಲ್ಲಿ. ನಾನು ಹಾಕುವ ಬೆಸುಗೆ ಜನ್ಮದಲ್ಲಿ ಬಿಚ್ಚದ ಹಾಗೆ ಹಾಕುವುದು, ಅದೇ ನನ್ನ ಕಸುಬು. ಬಿಚ್ಚಲೆಂದೇ ಬೆಸೆಯುವುದು ನನ್ನ ಕೈಗೆ ಗೊತ್ತಿರಲಿಲ್ಲ. ಗಟ್ಟಿಯಾಗಿ ಹಾಕಿದರೆ ಇಕ್ಕಳ ಹಿಡಿದು ಎಳೆದರೂ ಬರದು. ತೆಳುವಾಗಿ ಹಾಕಿದರೆ ಬಕೆಟ್ಟಿನಲ್ಲಿ ಗುಳ್ಳೆ ಏಳುವುದು, ಮಂಡಕ್ಕಿ ಒದ್ದೆ ಮುದ್ದೆ. ವಾರ ಕಳೆದು ಹತ್ತು ದಿನವಾಯಿತು. ಆರು ಪಟ್ಟಿ ಹಾಳು ಮಾಡಿದೆ.

ಅವಳು ಆ ಹತ್ತು ದಿನವೂ ತನ್ನ ಕ್ಯಾನುಗಳ ಕೆಲಸ ಮಾಡಿಕೊಂಡು ಸುಮ್ಮನಿದ್ದಳು. ಹನ್ನೊಂದನೆಯ ದಿನ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದವಳು, ಒಣ ಬಾಳೆಪಟ್ಟೆಯಿಂದ ನಾರು ಸೀಳುತ್ತಾ, “ರೀ, ಇಲ್ನೋಡಿ” ಎಂದಳು. “ನಾರನ್ನ ನೆಟ್ಟಗೆ ಎಳುದ್ರೆ ಬರಲ್ಲ, ತುಂಡಾಗ್ತದೆ. ಹಿಂದಕ್ಕೆ ಮಡಚಿ ಎಳುದ್ರೆ ಉದ್ದಕ್ಕೂ ಬತ್ತದೆ. ನಿಮ್ ಪಟ್ಟಿ ತುದೀನ ಹಿಂದಕ್ಕೆ ಮಡಚಿ ಬಿಟ್ರೆ? ಬೆಸುಗೇನ ಪಟ್ಟಿ ಅಡಿಗೆಲ್ಲ ತುಂಬೋದ್ಯಾಕೆ, ಎರಡು ಅಂಚಿಗೆ ಎಳೆ ಥರ ಎಳುದ್ರೆ ಸಾಕಲ್ವಾ?”

“ನಿಂಗೇನ್ ಗೊತ್ತು, ಸುಮ್ನಿರೇ” ಎಂದೆ.

ಅವಳು ಮತ್ತೆ ಹೂ ಕಟ್ಟತೊಡಗಿದಳು. ಮಧ್ಯಾಹ್ನ ನಾನು ಊಟ ಮುಗಿಸಿ ಬರುವಷ್ಟರಲ್ಲಿ ನಾನು ಬಡಿದಿಟ್ಟ ಮುಚ್ಚಳಕ್ಕೇ ಒಂದು ಪಟ್ಟಿ ಬೆಸೆದು ಬಕೆಟ್ಟಿನಲ್ಲಿ ಮುಳುಗಿಸಿದ್ದಳು. ಒಂದು ಗುಳ್ಳೆಯೂ ಏಳಲಿಲ್ಲ. ಸಂಜೆ ತೆಗೆದು ನನ್ನ ಕೈಗೇ ಕೊಟ್ಟಳು. ತುದಿ ಹಿಡಿದು ಎಳೆದೆ. ಪಟ್ಟಿ ಕಿತ್ತಳೆ ಸಿಪ್ಪೆಯ ಹಾಗೆ ಒಂದು ಸುತ್ತು ಬಂದು ಮುಚ್ಚಳ ಕೈಯಲ್ಲೇ ಉಳಿಯಿತು. ಅವಳು ಮಂಡಕ್ಕಿ ಬಾಯಿಗೆ ಹಾಕಿಕೊಂಡಳು. ಗರಿಗರಿ ಸದ್ದು ನನಗೆ ಕೇಳಿಸಿತು. “ಚೆನ್ನಾಗಿದೆ” ಎಂದೆ. ಎದೆಯಲ್ಲಿ ಕೆಂಡ ಇಟ್ಟ ಹಾಗಾಗಿತ್ತು. ನನ್ನ ತಗಡು, ನನ್ನ ಬೆಸುಗೆ ರಾಡು, ನಾನು ಕಲಿಸಿದ ಬೆಸುಗೆ. ಹತ್ತು ದಿನ ನಾನು ಒದ್ದಾಡಿದ್ದು ಅವಳಿಗೆ ಒಂದು ಮಧ್ಯಾಹ್ನದ ಕೆಲಸ.

ಸುಬೇದಾರರು ಬಂದು ನೋಡಿದರು. ಅವರೂ ಒಂದು ಪಟ್ಟಿ ಎಳೆದು ಬಿಚ್ಚಿದರು. ಯಾರು ಮಾಡಿದ್ದೆಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ನನ್ನ ಮುಖದಿಂದ ತಿಳಿಯಿತೇನೋ. ಅವಳ ಕಡೆ ತಿರುಗಿ, ಹಿಮ್ಮಡಿ ಜೋಡಿಸಿ ನಿಂತು ಸೆಲ್ಯೂಟ್ ಹೊಡೆದರು. “ತಾಯಿ, ಪ್ರದರ್ಶನದ ದಿನ ನೀನೇ ಬಂದು ಮಕ್ಕಳಿಗೆ ಹೇಳ್ಬೇಕು” ಎಂದರು. ನನಗೆ, “ನೀನೂ ಬಾರಪ್ಪಾ” ಎಂದರು.

ಆ “ನೀನೂ” ನನ್ನನ್ನು ಎರಡು ದಿನ ತಿಂದಿತು.

ಪ್ರದರ್ಶನದ ಹಿಂದಿನ ದಿನ ಮಕ್ಕಳೆದುರು ಬಿಚ್ಚಬೇಕಾದ ಮುಚ್ಚಳವನ್ನು ಮಂಡಕ್ಕಿ ಹಾಕಿ ಬೆಸೆದು, ಬಟ್ಟೆಯಲ್ಲಿ ಸುತ್ತಿಟ್ಟು, ಅವಳು ಸ್ತ್ರೀಶಕ್ತಿ ಸಂಘದ ಸಭೆಗೆ ಹೋದಳು. ಹಾಡಹಗಲು, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ನಾನು ಬಟ್ಟೆ ಬಿಚ್ಚಿ ನೋಡಿದೆ. ಕೂದಲೆಳೆಯಂಥ ಎರಡು ಗೆರೆ, ಎಲ್ಲಿಯೂ ಒಂದು ಗಂಟಿಲ್ಲ. ರಾಡು ಕಾಯಿಸಿದೆ. ಮಕ್ಕಳೆದುರು ಸೋರಿಬಿಟ್ಟರೆ ಮರ್ಯಾದೆ ಹೋಗುತ್ತದೆ, ಸ್ವಲ್ಪ ಭದ್ರ ಮಾಡುತ್ತೇನೆ ಅಷ್ಟೇ ಎಂದು ಮನಸ್ಸಿಗೆ ಹೇಳಿಕೊಂಡೆ. ಮಡಚಿದ ತುದಿ ಮುಗಿದು ಪಟ್ಟಿ ಶುರುವಾಗುವ ಜಾಗದಲ್ಲಿ, ಅಡಿಗೆ ಸೇರುವಂತೆ ದಪ್ಪಗೆ ಬೆಸುಗೆ ಇಳಿಸಿದೆ. ಮೇಲಿನದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮಟ್ಟ ಮಾಡಿ ಮತ್ತೆ ಸುತ್ತಿಟ್ಟೆ. ಭದ್ರ ಮಾಡುವವನು ಒರೆಸಿ ಮರೆಮಾಡುವುದಿಲ್ಲ. ಅದು ಆಗಲೂ ಗೊತ್ತಿತ್ತು.

ಮಾರನೆಯ ದಿನ ರೈಲಿನಲ್ಲಿ ಶಿವನಿಗೆ ಹೋಗಿ ಅಲ್ಲಿಂದ ಆಟೋದಲ್ಲಿ ಶಾಲೆ ಸೇರಿದೆವು. ಹಾಲ್‌ ತುಂಬ ಮಕ್ಕಳು, ಮುಂದಿನ ಸಾಲಿನಲ್ಲಿ ಮೇಷ್ಟ್ರುಗಳು. ಬಕೆಟ್ಟಿನಲ್ಲಿ ಬೆಳಗಿನಿಂದ ಮುಚ್ಚಳ ಮುಳುಗಿಸಿ, ಮಧ್ಯಾಹ್ನ ಸುಬೇದಾರರು ಎಲ್ಲವನ್ನೂ ವಿವರಿಸಿ ಅದನ್ನು ಮೇಲೆತ್ತಿದರು. “ನೋಡ್ರಪ್ಪಾ, ಒಂದೇ ಎಳೆತ” ಎಂದು ತುದಿ ಹಿಡಿದು ಎಳೆದರು. ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದರು. ಪಟ್ಟಿ ಬುಡದಲ್ಲೇ ತುಂಡಾಗಿ ಅವರ ಹೆಬ್ಬೆರಳನ್ನು ಸೀಳಿತು. ರಕ್ತ ಬಿಳಿ ಅಂಗಿಯ ತೋಳಿಗೆ ಇಳಿಯಿತು. ರಕ್ತ ಕಾಣದ ಹಿಂದಿನ ಸಾಲಿನ ಮಕ್ಕಳು ಗೊಳ್ಳೆಂದು ನಕ್ಕರು.

ನನ್ನ ಹೆಂಡತಿ ತನ್ನ ಕರವಸ್ತ್ರ ಹರಿದು ಅವರ ಬೆರಳಿಗೆ ಕಟ್ಟಿದಳು. ಆಮೇಲೆ ಮುಚ್ಚಳವನ್ನು ಎತ್ತಿಕೊಂಡು ತುಂಡಾದ ಜಾಗ ನೋಡಿದಳು. ಉಗುರಿನಿಂದ ಒಮ್ಮೆ ಸವರಿದಳು. ನನ್ನ ಕಡೆ ನೋಡಲಿಲ್ಲ. ಸಭೆಯ ಕಡೆ ತಿರುಗಿ, “ಬೆಸುಗೆ ಜಾಸ್ತಿ ಬಿದ್ಬಿಟ್ಟಿದೆ. ತಪ್ಪಾಯ್ತು” ಎಂದಳು. ಯಾರ ತಪ್ಪು ಎನ್ನಲಿಲ್ಲ. ಎಲ್ಲರೂ ಅವಳದ್ದೆಂದೇ ತಿಳಿದರು. ನಾನು ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ವಾಪಸು ರೈಲಿನಲ್ಲಿ ಅಜ್ಜಂಪುರ ದಾಟಿದ ಮೇಲೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು.

“ನನ್ ಕೈ ನಂಗೆ ಗೊತ್ತಾಗಲ್ವಾ?”

“ಸೋರೀತು ಅಂತ...”

“ಸೋರೀತು ಅಂತ ಹಾಕಿದ್ರೆ ನಂಗ್ ಹೇಳ್ತಿದ್ರಿ. ಆ ವಯಸ್ಸಾದೋರ ಬೆರಳು ಕುಯ್ತಲ್ಲ, ಆಗ್ಲಾದ್ರೂ ಎದ್ದು ಒಪ್ಕೋತೀರ ಅಂದ್ಕೊಂಡೆ” ಎಂದಳು.

ಮರುದಿನದಿಂದ ಅವಳು ಅಂಗಡಿಗೆ ಬರುವುದು ನಿಲ್ಲಿಸಿದಳು. ಜಗಳವಿಲ್ಲ, ಅಳುವಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದಳು. ಅಂಗಡಿಯಲ್ಲಿ ಈಗ ನಾನೊಬ್ಬನೇ, ಹೋಲಿಸಲು ಇನ್ನೊಂದು ಕೈ ಇಲ್ಲ. ಇಷ್ಟು ದಿನ ನಾನು ಬಯಸಿದ್ದು ಇದನ್ನೇ. ಮೂರು ವಾರ ಕಳೆದರೂ ಅದರ ಸುಖ ಮಾತ್ರ ನನಗೆ ದಕ್ಕಲಿಲ್ಲ.

ನಾಲ್ಕನೆಯ ವಾರ ಅವಳಿಗೆ ಹೇಳದೆ ಸುಬೇದಾರರ ಮನೆಗೆ ಹೋದೆ. ಹೆಬ್ಬೆರಳಿನಲ್ಲಿ ಇನ್ನೂ ಕಲೆ ಇತ್ತು. ಆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ, ಆಮೇಲೆ ಕಾಫಿ ಕೊಟ್ಟು ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ಕಾಫಿ ಕೊಡಲಿಲ್ಲ.

“ನನ್ ಹತ್ರ ಯಾಕ್ ಬಂದೆ? ನನ್ ಬೆರಳು ಮಾಯ್ತು. ಆ ಹೆಣ್ಮಗಳು ಅಷ್ಟು ಜನದ ಮುಂದೆ ತಲೆ ತಗ್ಸಿದ್ಲಲ್ಲ, ಅದನ್ನ ಅಲ್ಲೇ ಹೋಗಿ ಹೇಳು. ನಡಿ, ನಾನೂ ಬತ್ತೀನಿ.”

ಅಂದು ಮುಖ್ಯೋಪಾಧ್ಯಾಯರನ್ನು ಕಂಡು ಒಪ್ಪಿಸಿ, ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸಾಲಾಗಿ ನಿಂತ ಮಕ್ಕಳ ಮುಂದೆ ನನ್ನನ್ನು ನಿಲ್ಲಿಸಿದರು. “ಆ ಮುಚ್ಚಳ ಬಿಚ್ಚದೆ ಇದ್ದದ್ದು ನನ್ನಿಂದ. ನನ್ನ ಹೆಂಡತಿ ಸರಿಯಾಗಿ ಮಾಡಿದ್ದಳು. ನಾನು ಹೊಟ್ಟೆಕಿಚ್ಚಿಗೆ ಕೆಡಿಸಿದೆ. ಅವಳು ತಪ್ಪಾಯ್ತು ಅಂದದ್ದು ನನ್ನ ತಪ್ಪಿಗೆ.” ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಬ್ಬ ಹುಡುಗಿ ನನ್ನನ್ನು ನೋಡಿದ ರೀತಿಗಿಂತ ನಕ್ಕಿದ್ದರೇ ವಾಸಿಯಿತ್ತು.

ನಾನು ಮನೆಗೆ ಬರುವ ಮೊದಲೇ ಸುಬೇದಾರರು ಅವಳಿಗೆ ಫೋನು ಮಾಡಿ ಎಲ್ಲ ಹೇಳಿದ್ದರು. ನಾನು ಚಪ್ಪಲಿ ಬಿಡುತ್ತಿದ್ದಾಗ, “ನಂಗೊಂದು ಬೇರೆ ಮೇಜು ಬೇಕು” ಎಂದಳು. “ರಾಡು, ಕತ್ತರಿ, ಎಲ್ಲಾ ಬೇರೆ. ನನ್ ಮೇಜಿನ್ ಮೇಲಿರೋದನ್ನ ನೀವ್ ಮುಟ್ಬಾರ್ದು.”

“ಆಯ್ತು” ಎಂದೆ. ಆ ಮೇಜನ್ನು ಬಾಗಿಲ ಬಳಿ, ಬೆಳಕು ಬೀಳುವಲ್ಲಿ ಹಾಕಿಕೊಂಡಳು. ಅದು ನನ್ನ ಜಾಗವಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಶಾಲೆಯವರು ಮತ್ತೆ ಕರೆದರು. ಈ ಸಲ ಬಕೆಟ್ಟು ಹೊತ್ತವನು ನಾನು. ಪಟ್ಟಿ ಎಳೆದವಳು ಅವಳೇ. ಮುಚ್ಚಳ ಬಿಚ್ಚಿಕೊಂಡು ಬಂದಾಗ ಹಾಲ್‌ ಪೂರ್ತಿ ಚಪ್ಪಾಳೆ. ಮುಂದೆ ಕೂತಿದ್ದ ನಾಲ್ಕು ಮಕ್ಕಳು ಮಂಡಕ್ಕಿ ತಿಂದು ತಲೆಯಾಡಿಸಿದರು. ಬೆಸುಗೆ ಹೇಗೆ ಹಾಕುವುದೆಂದು ಕೇಳಿದವರಿಗೆಲ್ಲ ಅವಳು ನಿಂತಲ್ಲೇ ವಿವರಿಸಿದಳು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟುವಾಗಲೂ ಎದೆಯಲ್ಲಿ ಆ ಹಳೆಯ ಉರಿ ಎದ್ದದ್ದು ನಿಜ.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಗ ಅವಳು ಕೇಳಿದಳು. “ಹೊಟ್ಟೆ ಉರೀತಾ?”

“ಉರೀತು.”

“ಎಷ್ಟು?”

“ಹೋದ್ ಸಲಕ್ಕಿಂತ ಕಮ್ಮಿ.”

“ಸುಳ್ಳು” ಎಂದಳು, ನಗುತ್ತಾ.

ರೈಲು ಇನ್ನೂ ಬಂದಿರಲಿಲ್ಲ. ಅವಳು ಚೀಲದಿಂದ ಉಳಿದ ಮಂಡಕ್ಕಿಯ ಪೊಟ್ಟಣ ತೆಗೆದು ಅರ್ಧ ನನ್ನ ಕೈಗೆ ಸುರಿದಳು.