ಜವರಮ್ಮನ ಹಾಡಿಗೆ ನಾನು ಹೇಳಿದ ಅರ್ಥ

ನಾಗಪುರದಲ್ಲಿ, ದೆಹಲಿಯಲ್ಲಿ, ಕಲ್ಕತ್ತೆಯಲ್ಲಿ — ಜವರಮ್ಮ ಹಾಡಿದ ಕಡೆಯಲ್ಲೆಲ್ಲ ನಾನು ಅವಳ ಹಾಡಿಗೆ ಸುಳ್ಳು ಅರ್ಥ ಹೇಳಿದೆ. ಹಿಂದಿ ಸರಿಯಾಗಿ ಬಾರದೆ ಆದ ತಪ್ಪಲ್ಲ ಅದು. ನನಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ತಿಳಿದೂ ತಿಳಿದೂ ಹೇಳಿದೆ. ಆಮೇಲೆ ಅದನ್ನು ಮುಚ್ಚಲು ಅವಳಿಗೇ ಇನ್ನೊಂದು ಸುಳ್ಳು ಹೇಳಿದೆ. ಆ ಎರಡನೆಯದನ್ನು ಅವಳು ನಂಬಿದಳು — ನಂಬಿ, ಅದರ ಮೇಲೆ ಪೂರ್ತಿ ಭಾರ ಹಾಕಿ ನಿಂತಳು.

ನಾನು ಚನ್ನರಾಯಪಟ್ಟಣದ ಕಡೆಯವಳು. ಬಾಗೂರಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ತೆಂಗು, ಹೊಲ, ಆಳುಕಾಳು ಎಲ್ಲ ಇದ್ದ ಮನೆ. ಅಪ್ಪ ನೆಂಟರ ಮಾತನ್ನೆಲ್ಲ ತಳ್ಳಿಹಾಕಿ ನನ್ನನ್ನು ಓದಿಸಿದರು. ಐವತ್ತರ ದಶಕದ ಕೊನೆಯಲ್ಲಿ ನಾನು ಹಾಸನದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದೆ.

ಜವರಮ್ಮ ದುದ್ದದ ಕಡೆಯ ಒಂದು ಹಳ್ಳಿಯವಳು. ಊರ ಹೊರಗಿನ ಕೇರಿಯ ಹುಡುಗಿ. ಇಪ್ಪತ್ತು ತುಂಬಿರಲಿಲ್ಲ. ಕಳೆ ಕೀಳುವಾಗ, ರಸ್ತೆಗೆ ಜಲ್ಲಿ ಒಡೆಯುವಾಗ ಹಾಡುತ್ತಿದ್ದಳು — ಅಜ್ಜಿಯರು ಕಲಿಸಿದ್ದನ್ನಲ್ಲ, ತಾನೇ ಕಟ್ಟಿದ ಪದಗಳನ್ನು. ಹಾಸನದಲ್ಲಿ ನಡೆದ ಒಂದು ಸಭೆಯಲ್ಲಿ ಗ್ರಾಮಸೇವಿಕೆಯೊಬ್ಬರು ಅವಳನ್ನು ವೇದಿಕೆ ಹತ್ತಿಸಿದರು. ಬೆಂಗಳೂರಿನಿಂದ ಬಂದಿದ್ದವರು ಕೇಳಿ ಬೆರಗಾದರು. ಬೇರೆ ಬೇರೆ ರಾಜ್ಯಗಳ ಹಾಡುಗಾರರನ್ನು ಕೂಡಿಸಿಕೊಂಡು ಇಡೀ ದೇಶ ಸುತ್ತುವ ತಂಡವೊಂದು ಆಗ ಸಿದ್ಧವಾಗುತ್ತಿತ್ತು. ಮೈಸೂರಿನ ಪರವಾಗಿ ಈ ಹುಡುಗಿ ಹೋಗಲಿ ಎಂದರು. ಜೊತೆಗೆ ಒಬ್ಬ ಹೆಂಗಸು ಬೇಕು. ಹಾಡಿನ ಅರ್ಥವನ್ನು ಹಿಂದಿಯಲ್ಲಿ ಹೇಳುವವಳಾದರೆ ಇನ್ನೂ ಒಳ್ಳೆಯದು — ಹಾಗೆ ನಾನು ಹೊರಟೆ.

ಅರಸೀಕೆರೆಯಲ್ಲಿ ರೈಲು ಹತ್ತಿದಾಗ ಅವಳು ನನ್ನ ಕಾಲ ಬಳಿ ನೆಲದ ಮೇಲೆ ಕೂತಳು. ಮೇಲೆ ಕೂರು ಎಂದೆ.

“ಇರ್ಲಿ ಬುಡಿ ಅಮ್ಮಾವ್ರೇ, ಇಲ್ಲೇ ಸಂದಾಗೈತೆ.”

“ಅಮ್ಮಾವ್ರು ಅನ್ನಬೇಡ. ಅಕ್ಕ ಅನ್ನು.”

ಅವಳು ಎದ್ದು ಹಲಗೆಯ ಅಂಚಿನಲ್ಲಿ, ಬೀಳುವ ಹಾಗೆ, ಕೂತುಕೊಂಡಳು. ಪುಣೆ ಮುಟ್ಟುವ ಹೊತ್ತಿಗೆ ಹಿಂದಕ್ಕೆ ಒರಗಿ ಕೂತಿದ್ದಳು. ಅಷ್ಟರಲ್ಲಿ ರೈಲಿನ ಮೇಲೇ ಒಂದು ಪದ ಕಟ್ಟಿದ್ದಳು. “ಈ ಇಂಜಿನ್ನು ಎಲ್ ನಿಂತ್ರೂ ನೀರು ಕೊಡ್ತಾರೆ ಕಣಕ್ಕ. ಯಾವ ಜಾತಿ ಅಂತ ಒಬ್ರೂ ಕೇಳಾಕಿಲ್ಲ!” ಎಂದು ನಕ್ಕಳು. ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಅವಳಿಗೆ ಬಾಯಾರಿತು. ಅವಳು ಬೊಗಸೆ ಒಡ್ಡಿದಳು, ನಾನು ಕೂಜದಿಂದ ಮೇಲಿನಿಂದ ಹೊಯ್ದೆ. ಲೋಟ ಪಕ್ಕದಲ್ಲೇ ಇತ್ತು. ಅಕ್ಕ ಎನ್ನು ಎಂದವಳು ನಾನೇ — ಲೋಟ ಕೊಡಬೇಕೆಂದು ಮಾತ್ರ ತೋಚಲಿಲ್ಲ.

ಅವಳು ಪ್ರತಿ ಊರಿನಲ್ಲಿಯೂ ಕೊನೆಗೆ ಹಾಡುತ್ತಿದ್ದುದು ಅವಳ ತಾಯಿಯ ಹಾಡು. ಕೇರಿಯವರು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಬರಿಗೊಡ ಇಟ್ಟುಕೊಂಡು ದೂರ ನಿಲ್ಲಬೇಕು. ಸೇದುವವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಎತ್ತರದಿಂದ ಹೊಯ್ಯುತ್ತಾರೆ. ಕಾನೂನು ಬಂದಿತ್ತು, ಆ ಬಾವಿಯವರೆಗೆ ಬಂದಿರಲಿಲ್ಲ.

ಬಾವೀಗೆ ಬಂದೋರು ಬಂದಂಗೆ ಓದಾರು
ಒಂದು ಕೊಡ ನೀರ ಉಯ್ಲಿಲ್ಲ — ನಮ್ಮವ್ವ
ನಿಂತಲ್ಲೆ ಬಿಸಿಲಾಗೆ ಬಾಡವ್ಳೆ

ಇನ್ನೂ ಎಷ್ಟೋ ನುಡಿಗಳಿದ್ದವು. ಅವಳು ಕಣ್ಣು ಮುಚ್ಚಿ, ಕೈ ಕಟ್ಟಿಕೊಂಡು ಹಾಡುತ್ತಿದ್ದಳು.

ನಾಗಪುರದ ಮೊದಲ ಕಛೇರಿಯಲ್ಲಿ ನಾನು ಮೈಕಿನ ಮುಂದೆ ನಿಂತೆ. ಸಭೆಯ ತುಂಬ ರೇಷ್ಮೆ ಸೀರೆಗಳು, ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಆಗ ತಾನೇ ಪಂಜಾಬಿನವರು ಸುಗ್ಗಿಯ ಹಾಡು ಹಾಡಿ ಎಲ್ಲರನ್ನೂ ಕುಣಿಸಿದ್ದರು. ನಾನು ಬಾಯಿ ತೆರೆದೆ — ನಮ್ಮ ಮನೆಯ ಬಾವಿಕಟ್ಟೆ ಕಣ್ಣ ಮುಂದೆ ಬಂತು. ಅಲ್ಲಿ ಕೊಡ ಇಟ್ಟು ನಿಲ್ಲುತ್ತಿದ್ದ ಹೆಂಗಸರು. ‘ಆಮೇಲೆ ಬಾ’ ಎನ್ನುತ್ತಿದ್ದ ನನ್ನ ಅಮ್ಮ. ಇಷ್ಟು ಜನರ ಎದುರಿಗೆ, ಇಷ್ಟು ದೂರದ ಊರಿನಲ್ಲಿ, ನಾವು ಇಂಥವರು ಎಂದು ಹೇಗೆ... ಯಾರೂ ನನಗೆ ಹೀಗೆ ಹೇಳು ಎಂದಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. ನನ್ನ ನಾಲಗೆಯೇ ಹೊರಳಿತು. “ಯಮುನೆಯ ದಡದಲ್ಲಿ ಬರಿಗೊಡ ಹಿಡಿದು, ಬಿಸಿಲನ್ನೂ ಮರೆತು, ಕೃಷ್ಣನಿಗಾಗಿ ಕಾದು ನಿಂತ ಗೋಪಿಕೆಯ ಹಾಡು ಇದು” ಎಂದುಬಿಟ್ಟೆ.

ಎಷ್ಟು ಸುಲಭವಾಗಿ ಹೊಂದಿಕೊಂಡಿತು! ಕೊಡವೂ ಇತ್ತು, ನೀರೂ ಇತ್ತು, ಕಾಯುವುದೂ ಇತ್ತು. ಜನ ಚಪ್ಪಾಳೆ ತಟ್ಟಿದರು. ಹಿಂದಿ ಬಾರದ ಜವರಮ್ಮ ಪರದೆಯ ಹಿಂದೆ ತನ್ನ ಸರದಿಗೆ ಕಾಯುತ್ತಿದ್ದಳು. ಮುಂದಿನ ಊರಿನಲ್ಲಿ ನಿಜ ಹೇಳೋಣ ಎಂದುಕೊಂಡೆ. ಮುಂದಿನ ಊರಿನಲ್ಲಿ ಗೋಪಿಕೆಯ ಕಾಲಿಗೆ ಗೆಜ್ಜೆಯನ್ನೂ ಕಟ್ಟಿದೆ.

ದೆಹಲಿಯಲ್ಲಿ ಕಛೇರಿ ಮುಗಿದ ಮೇಲೆ ಬಿಳಿ ಸೀರೆಯ ವಯಸ್ಸಾದ ಹೆಂಗಸೊಬ್ಬರು ವೇದಿಕೆಯ ಹಿಂದಕ್ಕೆ ಬಂದರು. ಕಣ್ಣು ಒದ್ದೆಯಾಗಿತ್ತು. ಜವರಮ್ಮನ ಎರಡೂ ಕೆನ್ನೆ ಹಿಡಿದುಕೊಂಡು, ಈ ವಯಸ್ಸಿಗೇ ನಿನಗೆ ರಾಧೆಯ ವಿರಹ ಗೊತ್ತಾಗಿದೆಯಲ್ಲ ಮಗಳೇ ಎಂದು ಹಿಂದಿಯಲ್ಲಿ ಹೇಳಿದರು. ಅವಳನ್ನು ಅಷ್ಟು ಪ್ರೀತಿಯಿಂದ ಮುಟ್ಟಿದವರು ಅದುವರೆಗೆ ಕೇರಿಯ ಹೊರಗೆ ಯಾರೂ ಇರಲಿಲ್ಲವೇನೋ. ಅವಳು ನನ್ನ ಕಡೆ ತಿರುಗಿದಳು.

“ಏನಂದ್ರಕ್ಕ? ಏನಂತವ್ರೆ?”

ಆ ಮುಖ ನೋಡಿ... ಇಲ್ಲ, ಮುಖದ ಮೇಲೆ ಹೊರಿಸಬಾರದು. ಸಿಕ್ಕಿಬೀಳುವ ಭಯವೂ ಇತ್ತು.

“ನಿಮ್ಮವ್ವನನ್ನು ಇನ್ನು ಯಾರೂ ಬಿಸಿಲಲ್ಲಿ ನಿಲ್ಲಿಸಬಾರದು ಅಂತಾರೆ” ಎಂದೆ.

ಜವರಮ್ಮ ಆ ಹೆಂಗಸಿನ ಎದೆಗೆ ಮುಖವಿಟ್ಟು ಗಟ್ಟಿಯಾಗಿ ಅತ್ತಳು. ಆಕೆಯೂ ಅತ್ತರು. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಅಳುತ್ತಿದ್ದುದು ನನ್ನೊಬ್ಬಳಿಗೇ ಗೊತ್ತಿತ್ತು.

ಅಲ್ಲಿಂದ ಮುಂದೆ ಅವಳು ಬೇರೆಯೇ ಹುಡುಗಿ. ಕಲ್ಕತ್ತೆಯಲ್ಲಿ ಕಣ್ಣು ತೆರೆದೇ ಹಾಡಿದಳು. “ದೇಸಕ್ಕೇ ತಿಳೀತಲ್ಲಕ್ಕ, ಇನ್ನು ನಮ್ಮೂರ್ನೋರ್ಗೆ ತಿಳೀದಾ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

ತಿರುಗಿ ಬಂದ ಮೇಲೆ ಹೊಳೆನರಸೀಪುರದಲ್ಲಿ ಅವಳಿಗೆ ಒಂದು ಸನ್ಮಾನ ಏರ್ಪಾಡಾಯಿತು. ಹಾರ ಹಾಕಿದರು. ಅವಳು ಮೈಕು ಹಿಡಿದು ಹೇಳಿದಳು: “ಡೆಲ್ಲೀಲಿ ನಮ್ಮವ್ವನ್ಗೋಸ್ಕರ ಅತ್ತವ್ರೆ ಸಾ. ಇನ್ನು ಯಾರೂ ನಿಲ್ಲುಸ್ಬಾರ್ದು ಅಂತ ಯೋಳವ್ರೆ. ಇವ್ರೇ ಕೇಳವ್ರೆ, ನಮ್ಮಕ್ಕ.” ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಅದಾದ ಕೆಲವೇ ದಿನಕ್ಕೆ ಅವಳು ತಾಯಿಯನ್ನು ಕರೆದುಕೊಂಡು ಊರ ಬಾವಿಗೆ ಹೋದಳು. ಹಗ್ಗಕ್ಕೆ ಕೈ ಹಾಕು ಎಂದು ತಾಯಿಗೆ ಹೇಳಿದಳಂತೆ. ಜನ ಸೇರಿತು. “ಡೆಲ್ಲಿ ದೊಡ್ಡೋರೇ ಯೋಳವ್ರೆ, ಬ್ಯಾಡ ಅನ್ನಕ್ಕೆ ನೀವ್ಯಾರು?” ಎಂದಳಂತೆ. ಯಾರೋ ನಕ್ಕರು, ಯಾರೋ ತಳ್ಳಿದರು. ತಾಯಿ ಕಲ್ಲುಕಟ್ಟೆಯ ಮೇಲೆ ಬಿದ್ದು ಸೊಂಟ ಮುರಿದುಕೊಂಡರು. ಮಾರನೆಯ ದಿನದಿಂದ ಆ ಮನೆಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ.

ಇದನ್ನೆಲ್ಲ ನನಗೆ ಹೇಳಿದವಳು ಜವರಮ್ಮನೇ. ಹಾಸನಕ್ಕೆ ನಡೆದೇ ಬಂದು ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು. ಅಳುತ್ತಿರಲಿಲ್ಲ. ಭರವಸೆಯಿಂದಲೇ ಬಂದಿದ್ದಳು.

“ಆ ಡೆಲ್ಲಿ ಅಮ್ಮಂಗೆ ಒಂದ್ ಮಾತು ಯೋಳ್ಸಿ ಅಕ್ಕ. ಅವ್ರು ಒಂದ್ಸಲ ಬಂದ್ ನಿಂತ್ಕಂಡ್ರೆ ಸಾಕು. ಅವ್ರಿಗೆ ಗೊತ್ತೈತಲ್ಲ ಎಲ್ಲ.”

ಆಗ ಹೇಳಬಹುದಿತ್ತು. ಪೊಲೀಸರ ಹತ್ತಿರ ಜೊತೆಯಲ್ಲಿ ಹೋಗಬಹುದಿತ್ತು. ಕಾನೂನು ಅವಳ ಪಾಲಿಗಿತ್ತು, ನಮ್ಮ ಅಪ್ಪನ ಹೆಸರಿಗೆ ಆ ಸುತ್ತಿನಲ್ಲಿ ಬೆಲೆಯೂ ಇತ್ತು. ಹೋದರೆ ಮಾತಿಗೆ ಮಾತು ಬೆಳೆದು ನನ್ನ ಬುಡಕ್ಕೇ ಬರುತ್ತದೆ ಎಂದು... “ಆಗಲಿ, ಹೇಳಿಸುತ್ತೇನೆ” ಎಂದೆ. ಆ ಹೆಂಗಸಿನ ಹೆಸರು ಕೂಡ ನನಗೆ ಗೊತ್ತಿರಲಿಲ್ಲ. ಜವರಮ್ಮ ಇನ್ನೂ ಒಂದೆರಡು ಸಲ ಬಂದಳು. ಒಮ್ಮೆ ನಾನು ಜವಾನನ ಕೈಲಿ ‘ಇಲ್ಲ’ ಎನ್ನಿಸಿದೆ. ಮತ್ತೆ ಅವಳು ಬರಲಿಲ್ಲ. ಮನೆಯವರೆಲ್ಲ ಅರಕಲಗೂಡಿನ ನೆಂಟರ ಹತ್ತಿರ ಹೋದರೆಂದು ಕೇಳಿದೆ. ಮರುವರ್ಷ ತಂಡದವರು ಹುಡುಕಿಕೊಂಡು ಹೋದಾಗ ಹಾಡುವುದಿಲ್ಲ ಎಂದಳಂತೆ.

ವರ್ಷಗಳು ಕಳೆದವು. ಅರವತ್ತರ ದಶಕ ಮುಗಿಯುತ್ತಿದ್ದಾಗ ನನಗೆ ಅರಕಲಗೂಡಿಗೆ ವರ್ಗವಾಯಿತು. ಶಾಲೆ ತೆರೆದ ವಾರವೇ ಮಗಳನ್ನು ಸೇರಿಸಲು ಒಬ್ಬಳು ಹೆಂಗಸು ಬಂದಳು. ನಾನು ಗುರುತಿಸುವ ಮೊದಲೇ ಅವಳು “ಅಕ್ಕ!” ಎಂದು ಕೂಗಿಬಿಟ್ಟಳು. ಅದೇ ನಗು, ಮುಂದಲೆಯಲ್ಲಿ ಆಗಲೇ ಬಿಳಿಗೂದಲು. ನಾನು ‘ಇಲ್ಲ’ ಎನ್ನಿಸಿದ್ದನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ, ಅಥವಾ ತೋರಿಸಲಿಲ್ಲ. ತಾಯಿ ಹೋದ ವರ್ಷ ತೀರಿಕೊಂಡರು ಎಂದಳು.

“ಸಾಯೋ ಗಂಟ ಡೆಲ್ಲಿ ಅಮ್ಮನ್ನ ನೆನೀತಿದ್ಲು ಕಣಕ್ಕ. ಬರಕ್ಕಾಗ್ನಿಲ್ಲ, ಪಾಪ, ಅವ್ರಿಗೇನು ತಾಪತ್ರಯವೋ ಅಂತಿದ್ಲು. ಅವ್ರು ಚಂದಾಗವ್ರಾ?”

ಶಾಲೆಯ ಹಿಂದೆ ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಯಮುನೆ, ಗೋಪಿಕೆ, ಗೆಜ್ಜೆ — ಎಲ್ಲ. ಆ ಹೆಂಗಸು ನಿಜವಾಗಿ ಆಡಿದ ಮಾತು. ಅವಳು ಕೇಳುತ್ತ ಕೇಳುತ್ತ ನನ್ನಿಂದ ಸ್ವಲ್ಪ ಸರಿದು ಕೂತಳು.

“ಅಂಗಾರೆ ನನ್ ಪದ ಯಾರೂ ಕೇಳೇ ಇಲ್ಲ” ಎಂದಳು. ಪ್ರಶ್ನೆಯಲ್ಲ.

ನಾನು ತಪ್ಪಾಯಿತು ಎನ್ನಲು ಹೊರಟೆ. ಅವಳು ಕೈ ಅಡ್ಡ ಹಿಡಿದಳು.

“ನಂಗ್ಯಾಕೆ ಯೋಳ್ತೀರಿ ಅಮ್ಮಾವ್ರೇ? ಅದ್ರ ಅರ್ತ ನಂಗೆ ಗೊತ್ತೈತೆ. ಗೊತ್ತಿಲ್ದೋರ್ಗೆ ಯೋಳಿ.”

ಮತ್ತೆ ಅಮ್ಮಾವ್ರು. ಎದ್ದು, ಸೀರೆಗೆ ಹತ್ತಿದ ಹೊಂಗೆ ಹೂವು ಕೊಡವಿಕೊಂಡು, ಮಗಳನ್ನು ಯಾವ ಕ್ಲಾಸಿನಲ್ಲಿ ಕೂರಿಸಿದ್ದಾರೆಂದು ನೋಡಲು ಹೋದಳು.

ಅವಳು ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿರಲಿಲ್ಲ. ಗೊತ್ತಿಲ್ಲದವರಿಗೆ ಹೇಳು ಎಂದಳಲ್ಲ — ಅದಕ್ಕೇ ಇದನ್ನು ಬರೆದೆ. ನೀವು ಓದುತ್ತಿದ್ದೀರಿ. ಆದರೆ ನಿಮಗಿಂತ ಮೊದಲು ಕೇಳಬೇಕಾದವರು ಇದ್ದಾರೆ. ಬರುವ ಭಾನುವಾರ ಬಾಗೂರಿನ ಬಸ್ಸು ಹಿಡಿದು, ಅಣ್ಣ ಈಗ ನೋಡಿಕೊಳ್ಳುವ ನಮ್ಮ ಆ ಬಾವಿಕಟ್ಟೆಯ ಮನೆಗೆ ಹೋಗುತ್ತೇನೆ. ಅಣ್ಣ, ಅತ್ತಿಗೆ, ದಾಯಾದಿಗಳು, ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿ ಇದನ್ನು ಓದುತ್ತೇನೆ. ಈಗ್ಯಾಕೆ ಅದೆಲ್ಲ ಎಂದು ಅಣ್ಣ ಎದ್ದು ಹೋಗಬಹುದು. ಹೋಗಲಿ. ಒಬ್ಬರೇ ಉಳಿದರೂ ಓದುತ್ತೇನೆ.